ಕೈಯಲ್ಲಿ ಒಂದು: ಜಾರ್ಜ್ ಬೂಲನ ಬಾಳು

ಕೆಲವು ಮಹನೀಯರಿಗೆ ಲೋಕವು ವಿಚಿತ್ರವಾದೊಂದು ಗೌರವವನ್ನು ಸಲ್ಲಿಸುತ್ತದೆ. ಅವರ ಹೆಸರನ್ನು ಅವರಿಂದ ಬಿಡಿಸಿಕೊಂಡು ಬರಿಯ ವಿಶೇಷಣವನ್ನಾಗಿ ಮಾಡಿಬಿಡುತ್ತದೆ. ಅಲ್ಲಿಂದ ಮುಂದೆ ಹೆಸರು ಉಳಿಯುತ್ತದೆ, ಮನುಷ್ಯ ಮರೆಯಾಗುತ್ತಾನೆ. ಇಂದು ವಿಜ್ಞಾನ ಓದುವ ಹುಡುಗ ಹುಡುಗಿಯರು ಬೂಲಿಯನ್ ಬೀಜಗಣಿತವೆಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತಾರೆ. ಬೂಲ್ ಎಂಬ ಒಬ್ಬ ಮೇಷ್ಟರಿದ್ದರು, ಅವರಿಗೆ ಸಾಕಬೇಕಾದ ತಂದೆತಾಯಿಗಳಿದ್ದರು, ಕೊಳ್ಳಲಾರದ ಪುಸ್ತಕಗಳಿದ್ದವು, ಕಾವ್ಯದ ಹುಚ್ಚಿತ್ತು ಎಂಬುದು ಅವರ ನೆನಪಿಗೆ ಬರುವುದಿಲ್ಲ. ಅದು ಅವರ ತಪ್ಪೂ ಅಲ್ಲ. ಯಾರೂ ಹೇಳಿರುವುದಿಲ್ಲ.

ಈ ಮಾತು ನನಗೆ ಹೊಳೆದದ್ದು ನಂಜನಗೂಡಿನ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ. ಕನ್ನಡ ಪಾಠ ಹೇಳುವ ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ, ಕುತೂಹಲಕ್ಕೆಂದು ಹೋಗಿದ್ದೆ. ಒಂದು ಮೇಜಿನ ಮೇಲೆ ಸಾಲುಸಾಲು ರಂಧ್ರಗಳ ಬಿಳಿಯ ಬ್ರೆಡ್‌ಬೋರ್ಡು, ಅದರಲ್ಲಿ ಕಾಲೂರಿ ಕುಳಿತ ನಾಲ್ಕಾರು ಕರಿಯ ಐಸಿಗಳು, ಬಣ್ಣಬಣ್ಣದ ತಂತಿಗಳು, ಈ ಕಡೆ ನಾಲ್ಕು ಸ್ವಿಚ್ಚುಗಳು, ಆ ಕಡೆ ಏಳು ಗೀಟುಗಳು ಹೊತ್ತಿ ಒಂದು ಅಂಕಿಯನ್ನು ಮೂಡಿಸುವ ಕೆಂಪು ದೀಪದ ಫಲಕ. ಮೊದಲ ಎರಡು ಸ್ವಿಚ್ಚುಗಳಿಂದ ಒಂದು ಸಂಖ್ಯೆ, ಉಳಿದೆರಡರಿಂದ ಇನ್ನೊಂದು. ಪ್ರತಿ ಜೋಡಿಯಲ್ಲಿ ಬಲಗಡೆಯ ಸ್ವಿಚ್ಚಿಗೆ ಒಂದರ ಬೆಲೆ, ಎಡಗಡೆಯದಕ್ಕೆ ಎರಡರ ಬೆಲೆ. ಆದ್ದರಿಂದ ಸೊನ್ನೆಯಿಂದ ಮೂರರವರೆಗಿನ ಯಾವ ಎರಡು ಸಂಖ್ಯೆಗಳನ್ನಾದರೂ ಕೊಡಬಹುದು. ಮೊತ್ತವು ಫಲಕದ ಮೇಲೆ ಬೆಳಗಬೇಕು.

ನಾಲ್ಕು ಸ್ವಿಚ್ಚುಗಳನ್ನೂ ಒತ್ತಿದರು. ಮೂರಕ್ಕೆ ಮೂರು ಸೇರಿ ಆರು ಬರಬೇಕಾಗಿತ್ತು, ಬಂದದ್ದು ನಾಲ್ಕು. ಸುತ್ತ ನಿಂತವರು ನಕ್ಕರು. ಯಂತ್ರ ಮಾಡಿದ ತಂಡದ ಹುಡುಗಿಯೊಬ್ಬಳು ಮಾತ್ರ ನಗದೆ, ಬೆರಳಿನಿಂದ ಒಂದೊಂದೇ ತಂತಿಯನ್ನು ಹಿಂಬಾಲಿಸಿ ನೋಡಿದಳು. ಮೊದಲ ಸ್ಥಾನದಿಂದ ಎರಡನೆಯ ಸ್ಥಾನಕ್ಕೆ ಹೋಗಬೇಕಾಗಿದ್ದ ಒಂದು ಹಳದಿ ತಂತಿಯ ಬದಲಿಗೆ, ಆ ಎರಡನೆಯ ಸ್ಥಾನದ ಬಾಯಿಯನ್ನು ಯಾರೋ ಅವಸರದಲ್ಲಿ ಗ್ರೌಂಡಿನ ಸಾಲಿಗೆ ಸೇರಿಸಿಬಿಟ್ಟಿದ್ದರು. ಅದನ್ನು ಸರಿಪಡಿಸಿದೊಡನೆ ಆರು ಮೂಡಿತು. ಕೈಯಲ್ಲಿದ್ದ ಒಂದು ಮುಂದಿನ ಮನೆಗೆ ಹೋಗಿರಲಿಲ್ಲವೆಂದು ಅವಳು ನನಗೆ ವಿವರಿಸಿದಳು. ಈ ತರ್ಕಕ್ಕೆಲ್ಲ ಮೂಲ ಯಾರು ಎಂದು ಕೇಳಿದೆ. ಬೂಲ್ ಎಂದಳು. ಅವರು ಯಾರು, ಯಾವ ಕಾಲೇಜಿನಲ್ಲಿ ಓದಿದವರು ಎಂದು ಕೇಳಿದಾಗ ಮೇಜಿನ ಸುತ್ತ ಉತ್ತರ ಹೊರಡಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ಎರಡನೆಯ ಅರ್ಧಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡಬಹುದು: ಬೂಲನು ಯಾವ ಕಾಲೇಜಿನಲ್ಲಿಯೂ ಓದಿದವನಲ್ಲ.

ಜಾರ್ಜ್ ಬೂಲನು ಹುಟ್ಟಿದ್ದು 1815ನೆಯ ಇಸವಿ ನವೆಂಬರ್ 2ರಂದು, ಇಂಗ್ಲೆಂಡಿನ ಲಿಂಕನ್ ಎಂಬ ಊರಿನಲ್ಲಿ. ತಂದೆ ಜಾನ್ ಬೂಲನದು ಜೋಡು ಹೊಲಿಯುವ ಕಸುಬು. ತಾಯಿ ಮದುವೆಗೆ ಮುನ್ನ ದೊಡ್ಡವರ ಮನೆಯಲ್ಲಿ ಊಳಿಗದಲ್ಲಿದ್ದವಳು. ತಂದೆಗೆ ಕಸುಬಿಗಿಂತ ಗಣಿತದಲ್ಲಿಯೂ ಮಸೂರಗಳಲ್ಲಿಯೂ ಆಸಕ್ತಿ ಹೆಚ್ಚು. ತಾನೇ ದೂರದರ್ಶಕವನ್ನು ಮಾಡಿ, ನೋಡಬಯಸುವವರೆಲ್ಲ ಬಂದು ನೋಡಬಹುದೆಂದು ಅಂಗಡಿಯಲ್ಲಿ ಪ್ರಕಟಣೆ ಹಾಕಿದ ಪುಣ್ಯಾತ್ಮ ಅವನು. ನಕ್ಷತ್ರಗಳ ಕಡೆ ನೋಡುವವನ ಅಂಗಡಿಯಲ್ಲಿ ಜೋಡುಗಳ ವ್ಯಾಪಾರ ಹೇಗೆ ನಡೆದೀತು? ಮನೆಯಲ್ಲಿ ಹಣ ನಿಲ್ಲಲಿಲ್ಲ; ವಿದ್ಯೆ ಮಾತ್ರ ನಿಂತಿತು. ಮಗನಿಗೆ ಮೊದಲ ಗಣಿತದ ಪಾಠ ಹೇಳಿದವನು ತಂದೆಯೇ.

ಬಾಲಕನ ಒಲವು ಮೊದಲು ಹರಿದದ್ದು ಭಾಷೆಗಳ ಕಡೆಗೆ. ಊರಿನ ಒಬ್ಬ ಪುಸ್ತಕ ವ್ಯಾಪಾರಿಯಿಂದ ಲ್ಯಾಟಿನ್ನಿನ ಮೊದಲ ಪಾಠಗಳನ್ನು ಹೇಳಿಸಿಕೊಂಡನು. ಗ್ರೀಕ್ ಭಾಷೆಯನ್ನು ತಾನೇ ಕಲಿತನು. ಹದಿನಾಲ್ಕನೆಯ ವಯಸ್ಸಿನಲ್ಲಿ, 1830ರಲ್ಲಿ, ಗ್ರೀಕ್ ಕವಿ ಮೆಲಿಯಾಗರನ ವಸಂತವರ್ಣನೆಯೊಂದನ್ನು ಇಂಗ್ಲಿಷ್ ಪದ್ಯವಾಗಿ ತಿರುಗಿಸಿದನು. ತಂದೆ ಹೆಮ್ಮೆಯಿಂದ ಅದನ್ನು ಊರಿನ ಪತ್ರಿಕೆಗೆ ಕೊಟ್ಟನು. ಆ ವಯಸ್ಸಿನ ಹುಡುಗ ಇಂತಹ ಅನುವಾದ ಮಾಡಿರಲಾರನೆಂದು ಉಪಾಧ್ಯಾಯನೊಬ್ಬ ಪತ್ರಿಕೆಯಲ್ಲಿಯೇ ಆಕ್ಷೇಪಿಸಿದನು. ಬಡವರ ಮಕ್ಕಳ ಪ್ರತಿಭೆಗೆ ಲೋಕ ಕೊಡುವ ಮೊದಲ ಬಹುಮಾನ ಅನೇಕ ವೇಳೆ ಕಳ್ಳತನದ ಆರೋಪ. ಬೂಲನ ಪಾಲಿಗೂ ಅದು ತಪ್ಪಲಿಲ್ಲ.

ಅವನಿಗೆ ಹದಿನಾರು ತುಂಬುವ ಹೊತ್ತಿಗೆ ತಂದೆಯ ವ್ಯಾಪಾರ ಮುಳುಗಿತು. ತಾಯಿತಂದೆ, ಒಡಹುಟ್ಟಿದ ಮೂವರು, ಎಲ್ಲರ ಭಾರವೂ ಹಿರಿಯ ಮಗನ ಹೆಗಲಿಗೆ ಬಂದಿತು. 1831ರಲ್ಲಿ ಡಾನ್‌ಕ್ಯಾಸ್ಟರ್ ಎಂಬ ಊರಿನ ಶಾಲೆಯಲ್ಲಿ ಸಹಾಯಕ ಮೇಷ್ಟರಾಗಿ ಸೇರಿದನು. ಪುಸ್ತಕ ಕೊಳ್ಳಲು ಸಿಗುತ್ತಿದ್ದ ಹಣ ಅತ್ಯಲ್ಪ. ಆಗ ಅವನಿಗೊಂದು ಗೃಹಸ್ಥನ ಯುಕ್ತಿ ಹೊಳೆಯಿತಂತೆ: ಕಾವ್ಯದ ಪುಸ್ತಕವನ್ನು ಕೆಲವು ದಿನಗಳಲ್ಲಿ ಓದಿ ಮುಗಿಸಬಹುದು, ಗಣಿತದ ಪುಸ್ತಕ ತಿಂಗಳುಗಟ್ಟಲೆ ಬರುತ್ತದೆ, ಕೊಟ್ಟ ಕಾಸಿಗೆ ಗಣಿತವೇ ಲಾಭ. ಹೀಗೆ ಅವನು ಫ್ರೆಂಚ್ ಗಣಿತಜ್ಞ ಲಾಕ್ರುವಾನ ಕಲನಶಾಸ್ತ್ರವನ್ನು ಹಿಡಿದು ಕುಳಿತನು. ಗುರುವಿಲ್ಲದ್ದರಿಂದ ಒಂದೊಂದು ಪುಟಕ್ಕೂ ಹೋರಾಡಬೇಕಾಯಿತು, ವರ್ಷಗಳೇ ಹಿಡಿದವು. ಭಾನುವಾರದಂದೂ ಗಣಿತ ಓದುತ್ತಾನೆಂಬ ದೂರು ಶಾಲೆಯ ಧರ್ಮಿಷ್ಠರ ಕಿವಿಗೆ ಬಿದ್ದು ಅವನ ಕೆಲಸಕ್ಕೆ ಸಂಚಕಾರ ಬಂದಿತೆಂದೂ ಹೇಳುತ್ತಾರೆ.

ಈ ಡಾನ್‌ಕ್ಯಾಸ್ಟರಿನಲ್ಲಿಯೇ, 1833ರಲ್ಲಿ, ಹೊಲವೊಂದನ್ನು ದಾಟಿ ನಡೆಯುತ್ತಿದ್ದಾಗ ಅವನಿಗೊಂದು ಹೊಳಹು ದೊರಕಿತು. ಆಕಾಶದ ಗ್ರಹಗಳ ಗತಿಯನ್ನು ಸೂತ್ರದಲ್ಲಿ ಹಿಡಿಯಬಹುದಾದರೆ, ಮನುಷ್ಯನ ಆಲೋಚನೆಯ ಗತಿಯನ್ನೂ ಏಕೆ ಹಿಡಿಯಬಾರದು? ಹದಿನೇಳರ ಹುಡುಗನ ಈ ಬೆಳಕು ಫಲವಾಗಲು ಹದಿನಾಲ್ಕು ವರ್ಷ ಕಾಯಬೇಕಾಯಿತು. ಏಕೆಂದರೆ ಮೊದಲು ಊಟದ ದಾರಿಯಾಗಬೇಕಾಗಿತ್ತು. 1834ರಲ್ಲಿ ಲಿಂಕನ್ನಿಗೆ ಮರಳಿ ತಾನೇ ಒಂದು ಶಾಲೆ ತೆರೆದನು. ಹಗಲು ಮಕ್ಕಳಿಗೆ ಪಾಠ, ರಾತ್ರಿ ತನ್ನ ಗಣಿತ. ದುಡಿಯುವ ಜನರಿಗಾಗಿ ಆ ಊರಿನಲ್ಲಿ ನಡೆಯುತ್ತಿದ್ದ ವಿದ್ಯಾಸಂಸ್ಥೆಯ ಪುಸ್ತಕಗಳೇ ಅವನ ವಿಶ್ವವಿದ್ಯಾನಿಲಯ.

ಕೇಂಬ್ರಿಡ್ಜಿನ ಗಣಿತ ಪತ್ರಿಕೆಯಲ್ಲಿ 1840ರಿಂದ ಅವನ ಲೇಖನಗಳು ಅಚ್ಚಾಗತೊಡಗಿದವು. ಅದರ ಸಂಪಾದಕ ಡಂಕನ್ ಗ್ರೆಗರಿ ಸಹೃದಯಿ. ಹಳ್ಳಿಯ ಮೇಷ್ಟರೆಂದು ಉಪೇಕ್ಷಿಸದೆ ಬರೆಹವನ್ನು ತಿದ್ದಿಕೊಟ್ಟನು. ಬೂಲನಿಗೆ ಕೇಂಬ್ರಿಡ್ಜಿಗೆ ಹೋಗಿ ಪದವಿ ಪಡೆಯುವ ಆಸೆಯಿತ್ತು. ಆದರೆ ಶಾಲೆ ಮುಚ್ಚಿದರೆ ತಾಯಿತಂದೆಯರ ಗತಿಯೇನು? ಆಸೆಯನ್ನು ಅಲ್ಲಿಗೇ ಮಡಿಸಿಟ್ಟನು. ಕೆಲವು ವರ್ಷಗಳ ಬಳಿಕ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ದೀರ್ಘ ಪ್ರಬಂಧವನ್ನು ಕಳುಹಿಸಿದನು. ಹೆಸರೇ ಕೇಳದ ಊರಿನ, ಪದವಿಯೇ ಇಲ್ಲದ ಲೇಖಕ. ತಳ್ಳಿಹಾಕುವ ಮಾತೂ ಬಂದಿತ್ತು. ಕೊನೆಗೆ ಅದೇ ಪ್ರಬಂಧಕ್ಕೆ 1844ರಲ್ಲಿ ಸೊಸೈಟಿಯ ಸುವರ್ಣ ಪದಕ ದೊರಕಿತು. ಪದಕ ಹಿಡಿದು ಬೂಲನು ಮತ್ತೆ ತನ್ನ ಶಾಲೆಗೇ ಬಂದನು.

ಅವನ ಹಳೆಯ ಹೊಳಹು ಗ್ರಂಥರೂಪ ತಾಳಿದ್ದು 1847ರಲ್ಲಿ. ತರ್ಕಶಾಸ್ತ್ರದ ಒಂದು ವಿಷಯದಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞ ಹ್ಯಾಮಿಲ್ಟನ್ನನಿಗೂ ಲಂಡನ್ನಿನ ಗಣಿತಜ್ಞ ಡಿ ಮಾರ್ಗನ್ನನಿಗೂ ಆಗ ವಾಗ್ವಾದ ನಡೆದಿತ್ತು. ಈ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ನೆರೆಯ ಮಧುರೆಯಲ್ಲಿ ಎಂಬುದು ನೆನಪಿಡತಕ್ಕ ಸಂಗತಿ. ಆ ಜಗಳದಿಂದ ಪ್ರಚೋದಿತನಾಗಿ ಬೂಲನು ತರ್ಕವನ್ನು ಗಣಿತದ ಕಣ್ಣಿನಿಂದ ನೋಡಿದ ಚಿಕ್ಕ ಪುಸ್ತಕವನ್ನು ಬರೆದನು. 1854ರಲ್ಲಿ ಅದೇ ವಿಚಾರವನ್ನು ವಿಸ್ತರಿಸಿ ಆಲೋಚನೆಯ ನಿಯಮಗಳನ್ನು ಕುರಿತ ದೊಡ್ಡ ಗ್ರಂಥವನ್ನು ಪ್ರಕಟಿಸಿದನು.

ಅದರ ತಿರುಳನ್ನು ನಂಜನಗೂಡಿನ ಸಂತೆಯಲ್ಲಿ ನಿಂತು ಹೇಳಬಹುದು. ಬಾಳೆಹಣ್ಣಿನ ರಾಶಿಯಿಂದ ರಸಬಾಳೆಯನ್ನು ಮಾತ್ರ ಆರಿಸಿ ಬೇರೆ ಇಡಿ. ಹಾಗೆ ಇಟ್ಟುದರಲ್ಲಿ ಮತ್ತೊಮ್ಮೆ ರಸಬಾಳೆಯನ್ನು ಆರಿಸಿ. ಏನು ಬದಲಾಯಿತು? ಏನೂ ಇಲ್ಲ. ಆರಿಸುವ ಕ್ರಿಯೆಯನ್ನು ಒಂದು ಅಕ್ಷರದಿಂದ ಸೂಚಿಸಿದರೆ, ಆ ಅಕ್ಷರವನ್ನು ಅದರಿಂದಲೇ ಗುಣಿಸಿದರೂ ಅದೇ ಅಕ್ಷರ ಉಳಿಯಬೇಕು. ಸಾಮಾನ್ಯ ಗಣಿತದಲ್ಲಿ ಹೀಗಾಗುವುದಿಲ್ಲ. ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕು. ಆದರೆ ಸಂಖ್ಯೆಗಳಲ್ಲಿ ಎರಡು ಮಾತ್ರ ಈ ವಿಚಿತ್ರ ನಿಯಮಕ್ಕೆ ಒಪ್ಪುತ್ತವೆ: ಸೊನ್ನೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಒಂದನ್ನು ಒಂದರಿಂದ ಗುಣಿಸಿದರೆ ಒಂದು. ಆಲೋಚನೆಯ ಗಣಿತಕ್ಕೆ ಸೊನ್ನೆ ಒಂದುಗಳೇ ಸಾಕೆಂಬ ತೀರ್ಮಾನ ಬೂಲನದು. ಒಂದು ಎಂದರೆ ಸಮಸ್ತವೂ. ಸೊನ್ನೆ ಎಂದರೆ ಏನೂ ಇಲ್ಲದ್ದು. ಇದು ಮತ್ತು ಅದು, ಇದು ಅಥವಾ ಅದು, ಇದಲ್ಲ ಎಂಬ ನಮ್ಮ ದಿನದ ಮಾತಿನ ಅವ್ಯಯಗಳು ಬೀಜಗಣಿತದ ಚಿಹ್ನೆಗಳಾದವು. ವ್ಯಾಕರಣ ಓದಿದವರಿಗೆ ಇದರಲ್ಲಿ ಪರಕೀಯವಾದದ್ದು ಏನಿದೆ?

ಅಷ್ಟರಲ್ಲಿ ಬೂಲನ ಜೀವನದಲ್ಲಿಯೂ ಬದಲಾವಣೆಯಾಗಿತ್ತು. 1848ರಲ್ಲಿ ತಂದೆ ತೀರಿಕೊಂಡನು. ಮರುವರ್ಷ, ಐರ್ಲೆಂಡಿನ ಕಾರ್ಕ್ ನಗರದಲ್ಲಿ ಹೊಸದಾಗಿ ಆರಂಭವಾದ ಕ್ವೀನ್ಸ್ ಕಾಲೇಜು ಅವನನ್ನು ತನ್ನ ಮೊದಲ ಗಣಿತ ಪ್ರಾಧ್ಯಾಪಕನನ್ನಾಗಿ ಆರಿಸಿತು. ಕಾಲೇಜಿನ ವಿದ್ಯಾರ್ಥಿಯೇ ಆಗಿರದವನು ಕಾಲೇಜಿನ ಪ್ರಾಧ್ಯಾಪಕನಾದನು. 1845ರಿಂದ ಆಲೂಗಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡ ಕ್ಷಾಮದಿಂದ ಆ ದೇಶ ಆಗ ತಾನೇ ನರಳಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮದ ನೆನಪುಳ್ಳ ಮೈಸೂರು ಸೀಮೆಯವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಕಿನಲ್ಲಿಯೇ ಅವನಿಗೆ ಮೇರಿ ಎವರೆಸ್ಟಳ ಪರಿಚಯವಾದದ್ದು. ಹಿಮಾಲಯದ ಶಿಖರಕ್ಕೆ ಯಾರ ಹೆಸರನ್ನು ಇಟ್ಟರೋ ಆ ಜಾರ್ಜ್ ಎವರೆಸ್ಟನು ಆಕೆಯ ದೊಡ್ಡಪ್ಪ. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಎಳೆದು ನಮ್ಮ ಸೀಮೆಯ ತ್ರಿಕೋನ ಮೋಜಣಿಗೆ ತೊಡಗಿದನಷ್ಟೆ. ಅದರಿಂದ ಬೆಳೆದ ಭಾರತದ ಮಹಾಮೋಜಣಿಯನ್ನು ಉತ್ತರಕ್ಕೆ ಮುಂದುವರಿಸಿದವನು ಈ ಎವರೆಸ್ಟ್. 1855ರಲ್ಲಿ ಬೂಲ್ ಮತ್ತು ಮೇರಿಯರ ಮದುವೆಯಾಯಿತು. ವರನಿಗೆ ನಲವತ್ತರ ಸಮೀಪ, ವಧುವಿಗೆ ಇಪ್ಪತ್ತಮೂರು. ಒಂಬತ್ತು ವರ್ಷಗಳ ಸುಖಸಂಸಾರದಲ್ಲಿ ಐದು ಹೆಣ್ಣುಮಕ್ಕಳು ಹುಟ್ಟಿದರು. 1857ರಲ್ಲಿ ರಾಯಲ್ ಸೊಸೈಟಿ ಅವನನ್ನು ತನ್ನ ಸದಸ್ಯನನ್ನಾಗಿ ಚುನಾಯಿಸಿತು.

1864ರ ನವೆಂಬರ್ ತಿಂಗಳಿನ ಒಂದು ದಿನ ಜಡಿಮಳೆ ಸುರಿಯುತ್ತಿತ್ತು. ಮನೆಯಿಂದ ಕಾಲೇಜಿಗೆ ಸುಮಾರು ಮೂರು ಮೈಲಿ. ಮಳೆಯ ನೆಪದಿಂದ ಪಾಠ ತಪ್ಪಿಸುವ ಪ್ರಾಧ್ಯಾಪಕ ಅವನಲ್ಲ. ತೊಯ್ದು ನಡೆದು ಹೋಗಿ, ತೊಯ್ದ ಬಟ್ಟೆಯಲ್ಲಿಯೇ ನಿಂತು ಪಾಠ ಹೇಳಿದನು. ಜ್ವರ ಬಂದಿತು, ಅದು ಶ್ವಾಸಕೋಶಕ್ಕೆ ಇಳಿಯಿತು. ರೋಗಕ್ಕೆ ಕಾರಣವಾದದ್ದೇ ರೋಗಕ್ಕೆ ಮದ್ದೆಂಬ ನಂಬಿಕೆಯಿಂದ ಪತ್ನಿ ಅವನಿಗೆ ತಣ್ಣೀರಿನ ಉಪಚಾರ ಮಾಡಿದಳೆಂಬ ಮಾತು ಪ್ರಚಲಿತವಾಗಿದೆ. ಅದು ನಿಜವಾದರೆ, ಪ್ರೀತಿಯಿದ್ದ ಮಾತ್ರಕ್ಕೆ ತರ್ಕ ಸರಿಯಾಗಿರಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಡ. ಡಿಸೆಂಬರ್ 8ರಂದು ಬೂಲನು ಕಣ್ಣುಮುಚ್ಚಿದನು. ವಯಸ್ಸು 49. ಕಿರಿಯ ಮಗಳಿಗಿನ್ನೂ ಏಳು ತಿಂಗಳೂ ತುಂಬಿರಲಿಲ್ಲ.

ಮೇರಿ ಮಕ್ಕಳನ್ನು ಕಟ್ಟಿಕೊಂಡು ಲಂಡನ್ನಿಗೆ ಹೋಗಿ ಹೆಣ್ಣುಮಕ್ಕಳ ಕಾಲೇಜೊಂದರ ಗ್ರಂಥಭಂಡಾರದಲ್ಲಿ ಕೆಲಸ ಮಾಡಿದಳು. ಮಕ್ಕಳಿಗೆ ಗಣಿತ ಕಲಿಸುವ ವಿಧಾನಗಳನ್ನು ಕುರಿತು ಬರೆದಳು. ರಟ್ಟಿನ ಮೇಲೆ ಸೂಜಿ ದಾರಗಳಿಂದ ನೇರ ಎಳೆಗಳನ್ನು ಹಾಕುತ್ತ ವಕ್ರರೇಖೆಯನ್ನು ಮೂಡಿಸುವ ಆಟ ಆಕೆಯದು. ಮಗಳು ಅಲಿಸಿಯಾ ಕಾಲೇಜು ಶಿಕ್ಷಣವಿಲ್ಲದೆಯೇ ನಾಲ್ಕು ಆಯಾಮಗಳ ರೇಖಾಗಣಿತದಲ್ಲಿ ಹೆಸರಾದಳು. ಲೂಸಿ ರಸಾಯನಶಾಸ್ತ್ರ ಬೋಧಿಸಿದಳು. ಕಿರಿಯವಳಾದ ಎಥೆಲ್ ಲಿಲಿಯನ್ 1897ರಲ್ಲಿ ಪ್ರಕಟಿಸಿದ ಗ್ಯಾಡ್‌ಫ್ಲೈ ಎಂಬ ಕಾದಂಬರಿಯನ್ನು ರಷ್ಯಾ ದೇಶ ತಲೆಯ ಮೇಲೆ ಹೊತ್ತು ಮೆರೆಸಿತು. ತಂದೆಯ ಗಣಿತವೂ ಕಾವ್ಯವೂ ಮಕ್ಕಳಲ್ಲಿ ಹಂಚಿಹೋದಂತೆ ಕಾಣುತ್ತದೆ.

ಆದರೆ ಬೂಲನ ತರ್ಕಗಣಿತದ ಗತಿಯೇನಾಯಿತು? ತಾರ್ಕಿಕರು ಅದನ್ನು ತಿದ್ದಿ ಬೆಳೆಸಿದರು. ಲೌಕಿಕ ಉಪಯೋಗವೊಂದಿದೆಯೆಂದು ಮಾತ್ರ ಬಹುಕಾಲ ಯಾರಿಗೂ ತೋರಲಿಲ್ಲ. ಎಲ್ಲ ಸಂಖ್ಯೆಗಳನ್ನೂ ಸೊನ್ನೆ ಒಂದುಗಳಲ್ಲಿಯೇ ಬರೆಯುವ ಕ್ರಮವನ್ನು ಜರ್ಮನಿಯ ಲೈಬ್ನಿಟ್ಸನು 1703ರಲ್ಲಿಯೇ ವಿವರಿಸಿದ್ದನು. ಆ ಸೊನ್ನೆ ಒಂದುಗಳಿಗೂ ಬೂಲನ ಸೊನ್ನೆ ಒಂದುಗಳಿಗೂ ನಂಟು ಬೆಳೆಯಲು ವಿದ್ಯುತ್ತು ಬರಬೇಕಾಯಿತು. ಕ್ಲಾಡ್ ಶ್ಯಾನನ್ ಎಂಬ ಅಮೆರಿಕದ ತರುಣನು ಕಾಲೇಜಿನ ತತ್ತ್ವಶಾಸ್ತ್ರದ ತರಗತಿಯಲ್ಲಿ ಬೂಲನ ತರ್ಕವನ್ನು ಓದಿದ್ದನು. 1937ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಸ್ವಿಚ್ಚುಗಳ ಜಾಲವು ಬೂಲನ ನಿಯಮಗಳಂತೆಯೇ ವರ್ತಿಸುತ್ತದೆಂದು ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದನು. ಎರಡು ಸಂಖ್ಯೆಗಳನ್ನು ಕೂಡುವ ಮಂಡಲದ ರಚನೆಯನ್ನೂ ಅದರಲ್ಲಿ ಕೊಟ್ಟನು. ಅದೇ ವರ್ಷ ಜಾರ್ಜ್ ಸ್ಟಿಬಿಟ್ಸ್ ಎಂಬವನು ಮನೆಯ ಅಡುಗೆಕೋಣೆಯ ಮೇಜಿನ ಮೇಲೆ, ಎರಡು ಟೆಲಿಫೋನ್ ರಿಲೇಗಳು, ತಂಬಾಕಿನ ಡಬ್ಬಿಯಿಂದ ಕತ್ತರಿಸಿದ ತಗಡಿನ ಪಟ್ಟಿ, ಬ್ಯಾಟರಿ, ಟಾರ್ಚಿನ ಎರಡು ಬಲ್ಬುಗಳು, ಇಷ್ಟರಿಂದಲೇ ಕೂಡುವ ಯಂತ್ರವನ್ನು ಮಾಡಿದನು. ಬಲ್ಬು ಹೊತ್ತಿದರೆ ಒಂದು, ಆರಿದರೆ ಸೊನ್ನೆ. ನಮ್ಮ ಹುಡುಗಿಯ ಕೆಂಪು ಫಲಕದ ಮುತ್ತಜ್ಜನೆಂದರೆ ಆ ಬಲ್ಬುಗಳೇ.

ಕೂಡುವ ಕೆಲಸದಲ್ಲಿ ತರ್ಕಕ್ಕೇನು ಸ್ಥಾನ ಎಂದು ವಾಚಕರು ಕೇಳಬಹುದು. ಎರಡೇ ಅಂಕಿಗಳ ಲೆಕ್ಕದಲ್ಲಿ ಒಂದಕ್ಕೆ ಒಂದು ಸೇರಿದರೆ ಬರೆಯುವುದು ಸೊನ್ನೆ, ಕೈಯಲ್ಲಿ ಒಂದು. ಹಾಗಾದರೆ ಪ್ರತಿ ಸ್ಥಾನದಲ್ಲಿಯೂ ಎರಡು ಪ್ರಶ್ನೆಗಳು ಏಳುತ್ತವೆ. ಬರೆಯಬೇಕಾದದ್ದೇನು? ಕೈಯಲ್ಲಿ ಉಳಿದದ್ದೇನು? ಮೊದಲನೆಯದಕ್ಕೆ ಮಹಡಿಯ ಮೆಟ್ಟಿಲ ದೀಪವನ್ನು ನೆನೆಯಿರಿ. ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು. ಎರಡರಲ್ಲಿ ಒಂದು ಮಾತ್ರ ಒತ್ತಿದ್ದರೆ ದೀಪ ಹೊತ್ತುತ್ತದೆ, ಎರಡನ್ನೂ ಒತ್ತಿದರೆ ಆರುತ್ತದೆ. ಬರೆಯಬೇಕಾದ ಅಂಕಿಯ ನಿಯಮ ಅದೇ. ಎರಡನೆಯದಕ್ಕೆ ಕಬಿನಿಯ ನಾಲೆಯನ್ನು ನೋಡಿರಿ. ನಾಲೆಯ ತೂಬೂ ತೆರೆದಿರಬೇಕು, ಗದ್ದೆಯ ಬಾಯಿಯೂ ತೆರೆದಿರಬೇಕು; ಎರಡೂ ತೆರೆದಾಗ ಮಾತ್ರ ಪೈರಿಗೆ ನೀರು. ಹಾಗೆಯೇ ಎರಡೂ ಒಂದಾಗಿದ್ದಾಗ ಮಾತ್ರ ಕೈಯಲ್ಲಿ ಒಂದು ಉಳಿಯುತ್ತದೆ. ಎಡಗಡೆಯ ಸ್ಥಾನವು ತನ್ನೆರಡು ಅಂಕಿಗಳ ಜೊತೆಗೆ ಈ ಉಳಿದ ಒಂದನ್ನೂ ಸೇರಿಸಿಕೊಳ್ಳುತ್ತದೆ. ಮೂರಕ್ಕೆ ಮೂರು ಕೂಡಿದಾಗ ಬಲದ ಸ್ಥಾನದಲ್ಲಿ ಸೊನ್ನೆ. ಕೈಯಲ್ಲಿನ ಒಂದು ಸೇರಿ ಮಧ್ಯದಲ್ಲಿ ಒಂದು. ಅಲ್ಲಿಂದ ಮತ್ತೊಂದು ಎಡಕ್ಕೆ. ನಾಲ್ಕು, ಎರಡು, ಸೊನ್ನೆ, ಒಟ್ಟು ಆರು. ನಡುವಿನ ತಂತಿಯನ್ನು ತಪ್ಪಿಸಿದರೆ ಎರಡು ಕಳೆದುಹೋಗಿ ನಾಲ್ಕೇ ಉಳಿಯುತ್ತದೆ. ಕೊನೆಯ ಐಸಿಯ ಕೆಲಸ ಇನ್ನೂ ಸರಳ: ಬಂದ ಮೊತ್ತಕ್ಕೆ ಏಳು ಗೀಟುಗಳಲ್ಲಿ ಯಾವುವು ಹೊತ್ತಬೇಕು, ಯಾವುವು ಆರಬೇಕು ಎಂದು ಅಪ್ಪಣೆ ಕೊಡುವುದು. ಅದೂ ಬೂಲನ ಹೌದು ಅಲ್ಲಗಳಿಂದಲೇ.

ಕನ್ನಡ ವಿದ್ಯಾರ್ಥಿಗೆ ಎರಡು ಚಿಹ್ನೆಗಳ ಲೆಕ್ಕ ಹೊಸದಲ್ಲ. ಗುರು ಲಘುಗಳನ್ನು ಮೂರು ಸ್ಥಾನಗಳಲ್ಲಿ ಎಷ್ಟು ಬಗೆಯಾಗಿ ಇರಿಸಬಹುದೋ ಅಷ್ಟೇ ಅಕ್ಷರಗಣಗಳು, ಎಂಟು; ನಾಲ್ಕು ಸ್ಥಾನಗಳಾದರೆ ಹದಿನಾರು. ಪಿಂಗಳನಿಂದ ಬಂದ ಈ ಪ್ರಸ್ತಾರದ ವಿದ್ಯೆಯನ್ನು ಕನ್ನಡದಲ್ಲಿ ಛಂದೋಂಬುಧಿಯ ನಾಗವರ್ಮನು ಹತ್ತನೆಯ ಶತಮಾನದ ಕೊನೆಯಲ್ಲಿ ನಿರೂಪಿಸಿದನು. ಅವನಿಗೆ ಆಶ್ರಯವಿತ್ತ ಗಂಗರ ತಲಕಾಡು ಟಿ. ನರಸೀಪುರದ ತಾಲ್ಲೂಕಿನಲ್ಲಿಯೇ ಇದೆ. ಇಷ್ಟರಿಂದ ಕಂಪ್ಯೂಟರು ನಮ್ಮಲ್ಲಿಯೇ ಹುಟ್ಟಿತೆಂದು ಸಾಧಿಸಹೊರಡುವುದು ಅವಿವೇಕ. ಪ್ರಸ್ತಾರವು ವೃತ್ತಗಳನ್ನು ಎಣಿಸಿತು. ಅದು ತರ್ಕದ ಬೀಜಗಣಿತವಾಗಲಿಲ್ಲ, ಯಂತ್ರವಾಗಲಿಲ್ಲ. ಆದರೆ ಪದ್ಯಕ್ಕೆ ಪ್ರಸ್ತಾರ ಹಾಕಬಲ್ಲ ಹುಡುಗನು ತರ್ಕಮಂಡಲವನ್ನು ಕಂಡು ಹೆದರಬೇಕಾಗಿಲ್ಲವೆಂದು ಹೇಳುವುದರಲ್ಲಿ ಅತಿಶಯೋಕ್ತಿಯಿಲ್ಲ. ಮೆಲಿಯಾಗರನ ಅನುವಾದದಿಂದ ಹೊರಟವನು ಎಲ್ಲಿಗೆ ಮುಟ್ಟಿದನೆಂದು ನೋಡಿದೆವಷ್ಟೆ. ಭಾಷೆ ಒಂದು ದಡ, ಗಣಿತ ಇನ್ನೊಂದು ದಡವೆಂದು ನಾವು ಕಟ್ಟಿಕೊಂಡಿರುವ ಭೇದವನ್ನು ಅವನ ಬಾಳು ಒಪ್ಪುವುದಿಲ್ಲ.

ನಂಜನಗೂಡನ್ನು ಮುಟ್ಟಿ ಹರಿಯುವ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಸಂಗಮದ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಜನ ನಂಬುತ್ತಾರೆ. ಬಹಳವಲ್ಲ, ಒಂದೇ ಗುಲಗಂಜಿ. ಮನುಷ್ಯನ ವಿದ್ಯೆಯೂ ಹಾಗೆಯೇ ಬೆಳೆಯುತ್ತದೆಯೆಂದು ನನಗೆ ತೋರುತ್ತದೆ. ಬೂಲನು ತನ್ನ ಸ್ಥಾನದ ಲೆಕ್ಕವನ್ನು ಮಾಡಿ ಮುಗಿಸಿದಾಗ ಅವನ ಕೈಯಲ್ಲಿ ಒಂದು ಉಳಿದಿತ್ತು. ಅದನ್ನು ಸೇರಿಸಿಕೊಳ್ಳುವ ಮುಂದಿನ ಸ್ಥಾನ ಎಪ್ಪತ್ತಮೂರು ವರ್ಷ ದೂರದಲ್ಲಿತ್ತು; ಅವನು ಅದನ್ನು ಕಾಣಲಿಲ್ಲ.

ಪ್ರದರ್ಶನದ ಎರಡನೆಯ ದಿನ ಮತ್ತೆ ಆ ಮೇಜಿನ ಬಳಿಗೆ ಹೋದೆ. ಹಿಂದಿನ ಸಂಜೆ ಬೂಲನ ವಿಷಯ ತಿಳಿದಷ್ಟನ್ನು ಆ ಮಕ್ಕಳಿಗೆ ಹೇಳಿ ಬಂದಿದ್ದೆ. ಯಂತ್ರದ ಮುಂದಿನ ರಟ್ಟಿನ ಮೇಲೆ ಅವರ ತಂಡದ ಹೆಸರುಗಳ ಕೆಳಗೆ ಹೊಸದಾಗಿ ಇನ್ನೊಂದು ಹೆಸರು ಸೇರಿತ್ತು. ಜಾರ್ಜ್ ಬೂಲ್, 1815, 1864. ಅವನು ಪಡೆದ ಪದಕವನ್ನೂ ಪ್ರಾಧ್ಯಾಪಕ ಪದವಿಯನ್ನೂ ಆ ಹುಡುಗಿ ಬಿಟ್ಟಿದ್ದಳು. ಇಸವಿಗಳ ಮುಂದೆ ಶಾಲೆಯ ಮೇಷ್ಟರು ಎಂದಷ್ಟೇ ಬರೆದಿದ್ದಳು.